ಯೋಧನ ಗಾಯ ಮತ್ತು ಸೇವಾಕಾಲ

1973ನೆಯ ಇಸವಿ ಜುಲೈ 12ರಂದು ನಡುರಾತ್ರಿ ಕಳೆದು ಕೆಲವು ನಿಮಿಷಗಳಾಗಿದ್ದವು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಿಸೌರಿ ಪ್ರಾಂತದಲ್ಲಿ, ಸೇಂಟ್ ಲೂಯಿಸ್ ನಗರಕ್ಕೆ ಸಮೀಪದಲ್ಲಿದ್ದ ಆರು ಅಂತಸ್ತುಗಳ ಒಂದು ಸರ್ಕಾರಿ ಕಟ್ಟಡದ ಮೇಲಂತಸ್ತಿಗೆ ಬೆಂಕಿ ಹತ್ತಿಕೊಂಡಿತು. ಅದು ಆ ದೇಶದ ಸೈನಿಕರ ಸೇವಾದಾಖಲೆಗಳನ್ನು ಕೂಡಿಟ್ಟಿದ್ದ ಕಚೇರಿ. ಬೆಂಕಿ ಇಪ್ಪತ್ತೆರಡು ಗಂಟೆಗಳ ಕಾಲ ಹತೋಟಿಗೆ ಸಿಗದೆ ಉರಿಯಿತು. ಅದನ್ನು ಸಂಪೂರ್ಣವಾಗಿ ಆರಿಸುವುದಕ್ಕೆ ನಾಲ್ಕು ದಿನಗಳಿಗೂ ಮಿಕ್ಕಿ ಹಿಡಿಯಿತು. ಲೆಕ್ಕ ಹಾಕಿ ನೋಡಿದಾಗ ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದಷ್ಟು ಕಡತಗಳು ಬೂದಿಯಾಗಿದ್ದವು. ಅವುಗಳಿಗೆ ಪ್ರತಿಗಳಿರಲಿಲ್ಲ, ಛಾಯಾಪ್ರತಿಯನ್ನೂ ತೆಗೆದಿಟ್ಟಿರಲಿಲ್ಲ.

ಸುಟ್ಟುಹೋದ ಕಡತಗಳು ಯಾರವು? 1912ರ ನವೆಂಬರಿನಿಂದ 1960ರ ಜನವರಿ 1ರವರೆಗಿನ ಅವಧಿಯಲ್ಲಿ ಭೂಸೇನೆಯಿಂದ ಬಿಡುಗಡೆ ಹೊಂದಿದವರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನಾಶವಾದವು. ವಾಯುಸೇನೆಯಿಂದ 1947ರ ಸೆಪ್ಟೆಂಬರಿನಿಂದ 1964ರ ಜನವರಿ 1ರವರೆಗೆ ಬಿಡುಗಡೆಯಾದವರ ಪೈಕಿ, ಅಕ್ಷರಾನುಕ್ರಮದಲ್ಲಿ ಹಬರ್ಡ್ ಎಂಬ ಹೆಸರಿನಿಂದ ಮುಂದಕ್ಕೆ ಬರುವವರ ಕಡತಗಳಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಹೋದವು. ಹಬರ್ಡನಿಗಿಂತ ಹಿಂದಿನ ಹೆಸರುಗಳವರು ಬಚಾವಾದರು. ನೌಕಾಸೇನೆಯವರ ಕಡತಗಳಿಗೆ ಧಕ್ಕೆಯಾಗಲಿಲ್ಲ. ಹೆಸರಿನ ಮೊದಲಕ್ಷರವನ್ನು ಅನುಸರಿಸಿ ಮನುಷ್ಯನ ಹಕ್ಕು ಉಳಿಯುವುದು ಅಥವಾ ಅಳಿಯುವುದು ಎಂದರೆ ವಿಚಿತ್ರವೇ ಸರಿ.

ಹಕ್ಕು ಎಂದದ್ದು ಸಕಾರಣವಾಗಿಯೇ. ಸೇನೆಯಲ್ಲಿ ದುಡಿದು ದೇಹಕ್ಕೋ ಮನಸ್ಸಿಗೋ ಊನವನ್ನು ಹೊತ್ತು ಹಿಂದಿರುಗಿದವನಿಗೆ ಅಮೆರಿಕ ಸರ್ಕಾರವು ತಿಂಗಳು ತಿಂಗಳೂ ಪರಿಹಾರಧನವನ್ನು ಕೊಡುತ್ತದೆ. ಇದನ್ನು ನೋಡಿಕೊಳ್ಳುವುದು ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ. ಊನದ ಪ್ರಮಾಣವನ್ನು ಹತ್ತು, ಇಪ್ಪತ್ತು, ಮೂವತ್ತು ಎಂದು ನೂರರವರೆಗೆ ಶೇಕಡಾವಾರು ಅಳೆಯುತ್ತಾರೆ. 2025ರಲ್ಲಿ ಒಂಟಿ ಮನುಷ್ಯನಿಗೆ ಶೇಕಡಾ ಹತ್ತರ ಊನಕ್ಕೆ ತಿಂಗಳಿಗೆ 175 ಡಾಲರುಗಳಿಗೆ ಸ್ವಲ್ಪ ಹೆಚ್ಚಾಗಿಯೂ, ಶೇಕಡಾ ನೂರರ ಊನಕ್ಕೆ 3,831 ಡಾಲರುಗಳಷ್ಟೂ ಸಲ್ಲುತ್ತಿತ್ತು. ಇದು ದಾನವಲ್ಲ, ಋಣಸಂದಾಯ ಎಂಬುದು ಅಲ್ಲಿನ ಶಾಸನದ ಭಾವ.

ಆದರೆ ಋಣವನ್ನು ಕೇಳಲು ಬಂದವನು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಸ್ಥಾಪಿಸಬೇಕು. ಈಗ ತನಗೆ ರೋಗ ಅಥವಾ ಊನ ಇದೆಯೆಂಬುದು ಮೊದಲನೆಯದು. ಸೇವೆಯಲ್ಲಿದ್ದಾಗ ಅದಕ್ಕೆ ಕಾರಣವಾಗಬಲ್ಲ ಒಂದು ಘಟನೆಯೋ ಗಾಯವೋ ಕಾಯಿಲೆಯೋ ಸಂಭವಿಸಿತ್ತೆಂಬುದು ಎರಡನೆಯದು. ಇವೆರಡಕ್ಕೂ ಕಾರ್ಯಕಾರಣ ಸಂಬಂಧ ಉಂಟೆಂಬುದು ಮೂರನೆಯದು. ಮೊದಲನೆಯದನ್ನು ಇಂದಿನ ವೈದ್ಯನೇ ಹೇಳಿಯಾನು. ಮಿಕ್ಕ ಎರಡು ನಿಲ್ಲುವುದು ಹಳೆಯ ಕಾಗದಗಳ ಮೇಲೆ, ಮತ್ತು ಆಯಾ ಕಾಲದ ವೈದ್ಯಶಾಸ್ತ್ರಕ್ಕೆ ತಿಳಿದಿದ್ದುದರ ಮೇಲೆ. ಒಂದೇ ರೋಗದಿಂದ ನರಳುವ ಇಬ್ಬರು ಮುದುಕರು ಒಂದೇ ಕಚೇರಿಯ ಮುಂದೆ ನಿಂತಾಗ ಒಬ್ಬನಿಗೆ ಸುಲಭವಾಗಿ ದೊರೆತದ್ದು ಇನ್ನೊಬ್ಬನಿಗೆ ಎಟುಕದಿರುವುದುಂಟು. ಅವರು ಯಾವ ವರ್ಷಗಳಲ್ಲಿ, ಯಾವ ನೆಲದ ಮೇಲೆ ಸೇವೆ ಸಲ್ಲಿಸಿದ್ದರೆಂಬುದೇ ಈ ವ್ಯತ್ಯಾಸಕ್ಕೆ ಕಾರಣ.

ಕೊರಿಯಾ ಯುದ್ಧದ ಒಂದು ಸಂಗತಿಯನ್ನು ನೋಡಬಹುದು. 1950ರ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ಚೋಸಿನ್ ಜಲಾಶಯದ ಬಳಿ ಅಮೆರಿಕದ ಪಡೆಗಳು ಶತ್ರುವಿನೊಡನೆ ಹೋರಾಡಿದಷ್ಟೇ ಚಳಿಯೊಡನೆಯೂ ಹೋರಾಡಿದವು. ಸಹಸ್ರಾರು ಜನರ ಕೈಕಾಲುಗಳು ಹಿಮದಿಂದ ಮರಗಟ್ಟಿದವು. ಅಂದು ಬೆರಳು ಉಳಿಸಿಕೊಂಡವನು ತಾನು ಗುಣವಾದೆನೆಂದೇ ತಿಳಿದನು. ಆದರೆ ಹಿಮದ ಪೆಟ್ಟಿಗೆ ಸಿಕ್ಕ ನರಗಳ ಜೋಮು, ಕೀಲುನೋವು, ಚರ್ಮದ ಬಾಧೆ ಎಷ್ಟೋ ವರ್ಷಗಳ ಅನಂತರ, ಮುಪ್ಪಿನಲ್ಲಿ, ಮರಳಿ ತಲೆದೋರುತ್ತವೆ. ಹಾಗೆ ತಲೆದೋರಿದಾಗ ಆ ಭೂಸೈನಿಕನು ತನ್ನ ಚಿಕಿತ್ಸೆಯ ದಾಖಲೆಯನ್ನು ಕೇಳಿದರೆ, ಅದು 1973ರ ಬೆಂಕಿಗೆ ಆಹುತಿಯಾಯಿತೆಂಬ ಉತ್ತರ ಬರುತ್ತಿತ್ತು. ಅಂಥವನು ಜೊತೆಗಾರರ ಪ್ರಮಾಣಪತ್ರಗಳನ್ನೂ, ಅಂದು ಮನೆಗೆ ಬರೆದ ಕಾಗದಗಳನ್ನೂ, ತನ್ನ ತುಕಡಿಯ ದಿನಚರಿಯ ವರದಿಗಳನ್ನೂ ಕೂಡಿಸಿ ತರಬೇಕಾಯಿತು. ಕಡತಗಳು ಸರ್ಕಾರದ ವಶದಲ್ಲಿದ್ದಾಗಲೇ ನಷ್ಟವಾಗಿದ್ದಲ್ಲಿ ಅರ್ಜಿಯ ವಿಚಾರಣೆಯಲ್ಲಿ ಇಲಾಖೆಯ ಹೊಣೆ ಮತ್ತಷ್ಟು ಹೆಚ್ಚುತ್ತದೆಂದು 1991ರಲ್ಲಿ ನ್ಯಾಯಾಲಯವೊಂದು ತೀರ್ಪಿತ್ತಿತು. ಬೆಂಕಿಯಿಂದ ಅರೆಬರೆ ಉಳಿದ, ನೀರಿನಲ್ಲಿ ನೆನೆದ ಸುಮಾರು ಅರವತ್ತೈದು ಲಕ್ಷ ಕಡತಗಳನ್ನು ಒಣಗಿಸಿ ಕಾಪಾಡಲಾಗಿದೆ. ಯಾರಾದರೂ ಅರ್ಜಿ ಹಾಕಿದಾಗ ತಜ್ಞರು ಅಂಚು ಕರಕಲಾದ ಹಾಳೆಗಳ ಬೂಷ್ಟನ್ನು ತೆಗೆದು, ಕಣ್ಣಿಗೆ ಕಾಣದ ಅಕ್ಷರಗಳನ್ನು ಅತಿರಕ್ತ ಕಿರಣಗಳ ಕ್ಯಾಮೆರಾದಿಂದ ಓದುತ್ತಾರೆ.

ಯೋಧರಿಗೆ ಪರಿಹಾರ ಕೊಡುವ ಪದ್ಧತಿ ಆ ದೇಶದಲ್ಲಿ ಹೊಸತಲ್ಲ. ಪ್ಲಿಮತ್ ವಸಾಹತು 1636ರಲ್ಲಿಯೇ ಅಂಗಹೀನನಾದ ಸೈನಿಕನನ್ನು ವಸಾಹತೇ ಸಾಕಬೇಕೆಂದು ಕಟ್ಟಳೆ ಮಾಡಿತ್ತು. ಸ್ವಾತಂತ್ರ್ಯ ಸಮರದ 1776ರಲ್ಲಿ ಅರ್ಧ ಸಂಬಳದ ವ್ಯವಸ್ಥೆಯಾಯಿತು. ಅಂತರ್ಯುದ್ಧ ನಡೆಯುತ್ತಿದ್ದಾಗ 1862ರಲ್ಲಿ ಬಂದ ಶಾಸನದಂತೆ, ಸಂಪೂರ್ಣ ಅಶಕ್ತನಾದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಡಾಲರು ದೊರೆಯುತ್ತಿತ್ತು. ಯುದ್ಧದ ಭಾರವನ್ನು ಹೊತ್ತವನನ್ನೂ ಅವನ ವಿಧವೆಯನ್ನೂ ಅನಾಥ ಮಕ್ಕಳನ್ನೂ ನೋಡಿಕೊಳ್ಳುವುದು ರಾಷ್ಟ್ರದ ಕರ್ತವ್ಯವೆಂದು ಅಧ್ಯಕ್ಷ ಲಿಂಕನ್ 1865ರ ಮಾರ್ಚಿಯಲ್ಲಿ ಸಾರಿದನು. ಆದರೆ ದಕ್ಷಿಣದ ದಂಡಿನಲ್ಲಿ ಕಾದಿದವರಿಗೆ ಈ ಫೆಡರಲ್ ಪಿಂಚಣಿ ಇರಲಿಲ್ಲ. ಮೊದಲು ದಕ್ಷಿಣದ ದಂಡಿನಲ್ಲಿದ್ದು, ಅದನ್ನು ತೊರೆದು ಉತ್ತರದ ದಂಡಿಗೆ ಸೇರಿದ ಒಬ್ಬನಿದ್ದನು. ಕಡೆಯಲ್ಲಿ ಉತ್ತರದ ಪಕ್ಷದಲ್ಲಿದ್ದುದರಿಂದ ಅವನಿಗೆ ಪಿಂಚಣಿ ದೊರೆಯಿತು. ಮುಪ್ಪಿನಲ್ಲಿ ಅವನಿಗೆ ಹುಟ್ಟಿದ, ಅಶಕ್ತಳಾದ ಮಗಳು ತಿಂಗಳಿಗೆ 73 ಡಾಲರು 13 ಸೆಂಟುಗಳನ್ನು 2020ರಲ್ಲಿ ತಾನು ತೀರಿಕೊಳ್ಳುವವರೆಗೂ ಪಡೆಯುತ್ತಿದ್ದಳು. ಯುದ್ಧ ಮುಗಿದು ನೂರೈವತ್ತೈದು ವರ್ಷಗಳು ಕಳೆದಿದ್ದವು.

ಅರ್ಜಿದಾರನ ಪರವಾಗಿ ವಾದಿಸುವ ವಕೀಲನು 10 ಡಾಲರಿಗಿಂತ ಹೆಚ್ಚು ಶುಲ್ಕ ಪಡೆಯಕೂಡದೆಂದು 1864ರಲ್ಲಿ ವಿಧಿಸಲಾಯಿತು. ಮೋಸಗಾರ ದಲ್ಲಾಳಿಗಳಿಂದ ಸೈನಿಕನನ್ನು ರಕ್ಷಿಸುವುದು ಇದರ ಉದ್ದೇಶ. ಅಂದಿಗೆ ಅದು ಸರಿಯಾಗಿಯೇ ಇದ್ದಿರಬಹುದು. ಆದರೆ ಆ ಹತ್ತು ಡಾಲರಿನ ಮಿತಿ 1988ರವರೆಗೂ ಹಾಗೆಯೇ ಉಳಿಯಿತು. ಆ ವರ್ಷದ ಶಾಸನ ಬರುವವರೆಗೆ ಇಲಾಖೆಯ ತೀರ್ಮಾನವನ್ನು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಪ್ರಶ್ನಿಸುವಂತೆಯೂ ಇರಲಿಲ್ಲ. ಎರಡನೆಯ ಮಹಾಯುದ್ಧದಿಂದ ಬಂದವನು 1950ರಲ್ಲಿ ಅರ್ಜಿ ಹಾಕಿ ತಿರಸ್ಕೃತನಾದರೆ ಅವನಿಗೆ ಮುಂದಿನ ಬಾಗಿಲೇ ಇರಲಿಲ್ಲವೆನ್ನಬೇಕು.

ಎಲ್ಲವನ್ನೂ ಸೈನಿಕನೇ ಸಾಧಿಸಬೇಕೆಂದರೆ ಅನ್ಯಾಯವಾದೀತೆಂಬುದು ಮೊದಲನೆಯ ಮಹಾಯುದ್ಧದ ತರುವಾಯ ಅರಿವಿಗೆ ಬಂದಿತು. ಕಂದಕಗಳಿಂದ ಹಿಂದಿರುಗಿದ ಎಷ್ಟೋ ಜನರಲ್ಲಿ ಕ್ಷಯವೂ ಮನೋರೋಗಗಳೂ ಕಾಣಿಸಿಕೊಂಡವು. ಅವು ಸೇನೆಯಲ್ಲಿ ಅಂಟಿದವೋ ಊರಿನಲ್ಲಿ ಅಂಟಿದವೋ ಎಂದು ಯಾರು ಹೇಳಬಲ್ಲರು? 1921ರಲ್ಲಿ ಅಮೆರಿಕದ ಕಾಂಗ್ರೆಸ್ಸು, ಬಿಡುಗಡೆಯಾದ ಎರಡು ವರ್ಷಗಳೊಳಗೆ ಈ ರೋಗಗಳು ತೋರಿಕೊಂಡಲ್ಲಿ ಅವು ಸೇವೆಯಿಂದಲೇ ಬಂದವೆಂದು ಭಾವಿಸತಕ್ಕದ್ದೆಂದು ಶಾಸನ ಮಾಡಿತು. ಇದಕ್ಕೆ ಪೂರ್ವಭಾವನೆ ಎನ್ನಬಹುದು. ಪೂರ್ವಭಾವನೆ ಇರುವ ಕಡೆ ಸೈನಿಕನು ತಾನು ಇಂಥ ಕಾಲದಲ್ಲಿ ಇಂಥ ಸ್ಥಳದಲ್ಲಿದ್ದೆನೆಂದು ತೋರಿಸಿ, ಪಟ್ಟಿಯಲ್ಲಿರುವ ರೋಗ ತನಗಿದೆಯೆಂದು ತೋರಿಸಿದರೆ ಸಾಕು. ಮಿಕ್ಕ ಸಂಬಂಧವನ್ನು ಶಾಸನವೇ ಕಲ್ಪಿಸಿಕೊಡುತ್ತದೆ. ಮುಂದಿನ ನೂರು ವರ್ಷಗಳ ಕಥೆಯೆಲ್ಲ ಈ ಪಟ್ಟಿಗಳ ಕಥೆ. ಯಾರ ಕಾಲಕ್ಕೆ ಪಟ್ಟಿ ಸಿದ್ಧವಾಯಿತು, ಯಾರು ಸತ್ತ ಮೇಲೆ ಸಿದ್ಧವಾಯಿತು ಎಂಬುದೇ ಅದರ ಸಾರ.

ಮನಸ್ಸಿನ ಗಾಯದ ಸಂಗತಿಯನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಅದನ್ನು ಫಿರಂಗಿಗುಂಡಿನ ಆಘಾತವೆಂದು ಕರೆದರು. ಎರಡನೆಯದರಲ್ಲಿ ಸಮರದ ದಣಿವು ಎಂದರು. ದಣಿವಾದರೆ ವಿಶ್ರಾಂತಿಯಿಂದ ಕಳೆಯಬೇಕಷ್ಟೆ! ಆಘಾತದ ಅನಂತರ ಬಹುಕಾಲ ಉಳಿಯುವ ಈ ಮನೋವ್ಯಾಧಿಗೆ ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ಕೈಪಿಡಿಯಲ್ಲಿ ಈಗಿನ ಹೆಸರನ್ನಿತ್ತು ಸ್ಥಾನ ಕಲ್ಪಿಸಿದ್ದು 1980ರಲ್ಲಿ. ವಿಯಟ್ನಾಮಿನಿಂದ 1970ರಲ್ಲಿ ಮರಳಿದವನು ರಾತ್ರಿಯೆಲ್ಲ ಬೆಚ್ಚಿಬೀಳುತ್ತಿದ್ದರೆ ಅವನ ರೋಗಕ್ಕೆ ಆಗ ಈ ಹೆಸರೇ ಇರಲಿಲ್ಲ. ಅನಂತರವೂ, ಕಾಳಗದಲ್ಲಿ ನೇರವಾಗಿ ಭಾಗವಹಿಸದವರು ತಮ್ಮನ್ನು ಕಂಗೆಡಿಸಿದ ಘಟನೆಗೆ ಬೇರೆ ಸಾಕ್ಷ್ಯವನ್ನು ಒದಗಿಸಬೇಕಾಗಿತ್ತು. ಶತ್ರುಗಳ ದಾಳಿಯ ಭಯಕ್ಕೆ ಸಂಬಂಧಿಸಿದ ಅರ್ಜಿಗಳಲ್ಲಿ ಈ ಬಿಗಿಯನ್ನು ಸಡಿಲಿಸಿದ್ದು 2010ರಲ್ಲಿ.

ಅಣುಬಾಂಬಿನ ಪರೀಕ್ಷೆಗಳಲ್ಲಿ ಪಾಲ್ಗೊಂಡವರ ಪಾಡು ಇನ್ನೂ ಬೇರೆ ಬಗೆಯದು. 1946ರ ಜುಲೈ ತಿಂಗಳಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಎರಡು ಬಾಂಬುಗಳನ್ನು ಸಿಡಿಸಿದಾಗ ಸುಮಾರು ನಲವತ್ತೆರಡು ಸಾವಿರ ಜನರು ಆ ಕಾರ್ಯದಲ್ಲಿ ತೊಡಗಿದ್ದರು. ನೆವಾಡದ ಮರುಭೂಮಿಯಲ್ಲಿ 1950ರ ದಶಕದಲ್ಲಿ ಸೈನಿಕರನ್ನು ಕಂದಕಗಳಲ್ಲಿ ಕೂರಿಸಿ, ಸ್ಫೋಟವಾದ ಮೇಲೆ ಆ ದಿಕ್ಕಿಗೆ ನಡೆಸಿದರು. ಅವರಿಂದ ಗೋಪ್ಯದ ಪ್ರಮಾಣವನ್ನು ಮಾಡಿಸಿಕೊಳ್ಳಲಾಗಿತ್ತು. ರಕ್ತದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದವನು ತಾನು ಏನನ್ನು ಕಂಡೆನೆಂದು ವೈದ್ಯನಿಗೂ ಹೆಂಡತಿಗೂ ಹೇಳುವಂತಿರಲಿಲ್ಲ. ಹೇಳಿಕೊಳ್ಳಲಾಗದವನು ಅರ್ಜಿ ಹಾಕುವುದು ಹೇಗೆ? ಹದಿಮೂರು ಬಗೆಯ ಕ್ಯಾನ್ಸರುಗಳಿಗೆ ಪೂರ್ವಭಾವನೆಯನ್ನು ಕಲ್ಪಿಸಿದ ಶಾಸನ 1988ರಲ್ಲಿ ಬಂದಿತು. ಗೋಪ್ಯದ ಕಟ್ಟನ್ನು ಬಿಚ್ಚಿದ ಶಾಸನ 1996ರಲ್ಲಿ ಬಂದಿತು. ಅಷ್ಟರಲ್ಲಿ ಬಿಕಿನಿಯ ಸ್ಫೋಟ ನಡೆದು ಅರ್ಧ ಶತಮಾನವಾಗಿತ್ತು.

ವಿಯಟ್ನಾಂ ಯುದ್ಧದ ಪ್ರಕರಣವು ಇವೆಲ್ಲಕ್ಕಿಂತ ದೀರ್ಘವಾದುದು. 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಶತ್ರುಗಳು ಅಡಗುವ ಕಾಡನ್ನು ಒಣಗಿಸಲೆಂದೂ ಬೆಳೆಯನ್ನು ಕೆಡಿಸಲೆಂದೂ ಸುಮಾರು ಎರಡು ಕೋಟಿ ಗ್ಯಾಲನ್ನುಗಳಷ್ಟು ಸಸ್ಯನಾಶಕಗಳನ್ನು ಸುರಿದವು. ಪೀಪಾಯಿಗಳ ಮೇಲೆ ಬಳಿದಿದ್ದ ಬಣ್ಣದ ಪಟ್ಟಿಗಳಿಂದಲೇ ಅವಕ್ಕೆ ಹೆಸರು ಬಂದಿತು. ಅರ್ಧಕ್ಕಿಂತ ಹೆಚ್ಚಿನದು ಕಿತ್ತಳೆ ಪಟ್ಟಿಯದು. ಅದೇ ಏಜೆಂಟ್ ಆರೆಂಜ್. ಅದರಲ್ಲಿ ಡಯಾಕ್ಸಿನ್ ಎಂಬ ಘೋರವಿಷ ಕಲಬೆರಕೆಯಾಗಿತ್ತು. ಆ ಎಲೆಗಳ ಕೆಳಗೆ ನಡೆದ ವಿಯಟ್ನಾಮಿನ ಜನರು ಅನುಭವಿಸಿದ್ದು, ಇಂದಿಗೂ ಅನುಭವಿಸುತ್ತಿರುವುದು, ಬೇರೆಯೇ ಒಂದು ಕಥೆ. ಈ ಪರಿಹಾರದ ಲೆಕ್ಕದಲ್ಲಿ ಅವರು ಬರುವುದಿಲ್ಲ.

ಹಿಂದಿರುಗಿದ ಸೈನಿಕರು ಕ್ಯಾನ್ಸರ್ ಎಂದು ಬಂದಾಗ 1985ರ ನಿಯಮವು ಡಯಾಕ್ಸಿನ್ನಿಗೂ ಒಂದು ಬಗೆಯ ಚರ್ಮದ ಮೊಡವೆಗೂ ಮಾತ್ರ ಸಂಬಂಧವನ್ನು ಒಪ್ಪಿಕೊಂಡಿತು. 1986ರಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. 1989ರಲ್ಲಿ ಆ ನಿಯಮ ಬಿದ್ದುಹೋಯಿತು. 1991ರ ಏಜೆಂಟ್ ಆರೆಂಜ್ ಶಾಸನವು, ಆ ಕಾಲದಲ್ಲಿ ವಿಯಟ್ನಾಮಿನಲ್ಲಿದ್ದ ಪ್ರತಿಯೊಬ್ಬನೂ ಈ ವಿಷಕ್ಕೆ ಒಡ್ಡಿಕೊಂಡಿದ್ದನೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಕಾಡಿನಲ್ಲಿ ಯಾವ ದಿನ ಯಾವ ವಿಮಾನ ತನ್ನ ತಲೆಯ ಮೇಲೆ ಹಾರಿತೆಂದು ಸಿಪಾಯಿ ಬರೆದಿಟ್ಟಿರಲಾರನಷ್ಟೆ. ರೋಗಗಳ ಪಟ್ಟಿ ವಿಜ್ಞಾನದೊಡನೆ ಬೆಳೆಯತೊಡಗಿತು. ಪ್ರಾಸ್ಟೇಟ್ ಕ್ಯಾನ್ಸರ್ 1996ರಲ್ಲಿ ಸೇರಿತು. ಎರಡನೆಯ ಬಗೆಯ ಮಧುಮೇಹ 2001ರಲ್ಲಿ. ಹೃದಯದ ರಕ್ತನಾಳಗಳ ಕಾಯಿಲೆಯೂ ಪಾರ್ಕಿನ್ಸನ್ ರೋಗವೂ 2010ರಲ್ಲಿ. ಮೂತ್ರಕೋಶದ ಕ್ಯಾನ್ಸರ್ 2021ರಲ್ಲಿ. ಅಧಿಕ ರಕ್ತದೊತ್ತಡ 2022ರಲ್ಲಿ. ಇಪ್ಪತ್ತರ ಹರೆಯದಲ್ಲಿ ಆ ಕಾಡಿಗೆ ಹೋದವನಿಗೆ ಆಗ ಎಪ್ಪತ್ತು ದಾಟಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಲೆ ಹೇಳಿದ ದಾವೆಯ ಫಲವಾಗಿ ವಿಯಟ್ನಾಂ ಯೋಧರಿಗೆ, ಹಿಂದೆ ತಿರಸ್ಕೃತವಾದ ಅರ್ಜಿಯ ದಿನದಿಂದಲೇ ಬಾಕಿಯನ್ನು ಪಡೆಯುವ ಅವಕಾಶ ದೊರೆಯಿತು. ಬೇರೆ ಯುದ್ಧಗಳ ಯೋಧರಿಗೆ ಹೊಸ ರೋಗವೊಂದು ಪಟ್ಟಿಗೆ ಸೇರಿದಾಗ ಸಾಧಾರಣವಾಗಿ ಅಂದಿನಿಂದ ಮುಂದಕ್ಕೆ ಮಾತ್ರ ಹಣ ಸಲ್ಲುತ್ತದೆ.

ಹಾಗೆಂದು ಆ ಕಾಲದವರೆಲ್ಲರೂ ಸಮಾನರಾಗಲಿಲ್ಲ. ವಿಯಟ್ನಾಮಿನ ಕರಾವಳಿಯಾಚೆಗಿನ ಹಡಗುಗಳಲ್ಲಿದ್ದ ನಾವಿಕರು ನೆಲದ ಮೇಲೆ ಕಾಲಿಟ್ಟಿರಲಿಲ್ಲವೆಂಬ ಕಾರಣದಿಂದ 2002ರಲ್ಲಿ ಅವರನ್ನು ಪೂರ್ವಭಾವನೆಯಿಂದ ಹೊರಗಿಡಲಾಯಿತು. ಒಂದು ದಿನ ದಡಕ್ಕೆ ಇಳಿದು ಅಂಚೆಚೀಲವನ್ನು ತಂದವನಿಗೆ ಪರಿಹಾರ; ಅದೇ ಹಡಗಿನಲ್ಲಿ ವರ್ಷವಿಡೀ ದುಡಿದು ಅದೇ ಕಾಯಿಲೆಗೆ ತುತ್ತಾದವನಿಗೆ ಇಲ್ಲ. 2008ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ವ್ಯಾಖ್ಯಾನವನ್ನು ಎತ್ತಿಹಿಡಿಯಿತು. 2019ರ ಜನವರಿಯಲ್ಲಿ ಅದೇ ನ್ಯಾಯಾಲಯ, ದೇಶವೆಂದರೆ ಅದರ ಹನ್ನೆರಡು ನಾವಿಕ ಮೈಲಿಗಳ ಕಡಲೂ ಸೇರಿರುತ್ತದೆಂದು ತನ್ನ ನಿಲುವನ್ನು ತಿದ್ದಿಕೊಂಡಿತು. ಆ ವರ್ಷವೇ ಶಾಸನವೂ ಆಯಿತು. ನಡುವಿನ ಹದಿನೇಳು ವರ್ಷಗಳಲ್ಲಿ ತೀರಿಹೋದ ನಾವಿಕರ ಮಟ್ಟಿಗೆ ಈ ತಿದ್ದುಪಡಿ ತಡವಾಗಿಯೇ ಬಂದಿತು.

1990–91ರ ಕೊಲ್ಲಿ ಯುದ್ಧಕ್ಕೆ ಹೋದವರು ಸುಮಾರು ಏಳು ಲಕ್ಷ. ಕಾಳಗ ಕೆಲವು ವಾರಗಳಲ್ಲಿ ಮುಗಿಯಿತು. ಆದರೆ ಮರಳಿದ ಅನೇಕರಲ್ಲಿ ತೀರದ ಆಯಾಸ, ಮೈನೋವು, ಮರೆವು, ಹೊಟ್ಟೆಯ ಬಾಧೆ ಕಾಣಿಸಿಕೊಂಡವು. ವೈದ್ಯರಿಗೆ ರೋಗದ ಹೆಸರು ತಿಳಿಯಲಿಲ್ಲ. ರೋಗನಿರ್ಣಯವಿಲ್ಲದೆ ಪರಿಹಾರವಿಲ್ಲವೆಂಬುದು ಅದುವರೆಗಿನ ಸೂತ್ರ. 1994ರ ಶಾಸನವು ಈ ಸೂತ್ರವನ್ನು ತಲೆಕೆಳಗು ಮಾಡಿ, ಯಾವ ಹೆಸರಿಗೂ ಸಿಗದ ಕಾಯಿಲೆಗೂ ಪರಿಹಾರ ಕೊಡಬಹುದೆಂದಿತು. ಇರಾಕಿನ ಖಮಿಸಿಯಾ ಎಂಬಲ್ಲಿ 1991ರ ಮಾರ್ಚಿಯಲ್ಲಿ ಸೈನಿಕರು ಸಿಡಿಸಿ ನಾಶಪಡಿಸಿದ ಮದ್ದುಗುಂಡುಗಳಲ್ಲಿ ಸ್ಯಾರಿನ್ ಎಂಬ ನರವಿಷವಿತ್ತೆಂದು ರಕ್ಷಣಾ ಇಲಾಖೆ 1996ರಲ್ಲಿ ಒಪ್ಪಿಕೊಂಡಿತು.

ಮುಂದೆ ಇರಾಕ್ ಮತ್ತು ಆಫ್ಘಾನಿಸ್ತಾನಗಳಲ್ಲಿ ಶಿಬಿರಗಳ ಕಸವನ್ನೆಲ್ಲ, ಎಂದರೆ ಪ್ಲಾಸ್ಟಿಕ್, ಬಣ್ಣ, ಔಷಧ, ಬ್ಯಾಟರಿ ಮೊದಲಾದುವನ್ನು, ತೆರೆದ ಹೊಂಡಗಳಲ್ಲಿ ವಿಮಾನದ ಇಂಧನ ಸುರಿದು ಸುಡುವ ರೂಢಿಯಿತ್ತು. ಆ ಹೊಗೆಯನ್ನು ಉಸಿರಾಡಿದವರಲ್ಲಿ ಶ್ವಾಸಕೋಶದ ರೋಗಗಳು ತಲೆದೋರಿದಾಗ ಅರ್ಜಿಗಳು ಸಾಕ್ಷ್ಯ ಸಾಲದೆಂದು ಬಿದ್ದುಹೋಗುತ್ತಿದ್ದವು. 2020ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಮಡಿದ ಸಾರ್ಜೆಂಟ್ ಹೀತ್ ರಾಬಿನ್ಸನ್ನನ ಹೆಸರಿನ ಶಾಸನವು 2022ರ ಆಗಸ್ಟ್ 10ರಂದು ಜಾರಿಗೆ ಬಂದಿತು. ಇಪ್ಪತ್ತಕ್ಕೂ ಹೆಚ್ಚು ರೋಗಗಳಿಗೆ ಅದು ಪೂರ್ವಭಾವನೆಯನ್ನು ಕೊಟ್ಟಿತು. ಥೈಲೆಂಡಿನ ನೆಲೆಗಳಲ್ಲಿದ್ದ ವಿಯಟ್ನಾಂ ಕಾಲದವರನ್ನೂ, ಅಣುಪರೀಕ್ಷೆಗಳ ಕಸವನ್ನು 1977ರಿಂದ 1980ರವರೆಗೆ ಎನಿವೆಟಾಕ್ ದ್ವೀಪದಲ್ಲಿ ಬಳಿದವರನ್ನೂ ಒಳಗೆ ಸೇರಿಸಿಕೊಂಡಿತು. ವಿಯಟ್ನಾಮಿನವರು ಮೂರು ದಶಕ ಕಾದ ಹಾದಿಯನ್ನು ಈ ಪೀಳಿಗೆ ಅದಕ್ಕಿಂತ ಬೇಗ ಕ್ರಮಿಸಿತೆನ್ನಬಹುದು. ಹಿಂದಿನವರು ಹಾದಿಯನ್ನು ಕಡಿದಿದ್ದರಿಂದ ಅದು ಸಾಧ್ಯವಾಯಿತು.

ಶಾಂತಿಕಾಲದಲ್ಲಿ ದುಡಿದವರ ಮಾತೂ ಉಂಟು. ಬಹುಕಾಲದವರೆಗೆ ಅವರ ಊನಕ್ಕೆ ಯುದ್ಧಕಾಲದವರಿಗಿಂತ ಕಡಮೆ ದರವಿತ್ತು. ಈಗ ಊನದ ಪರಿಹಾರದಲ್ಲಿ ಆ ಭೇದವಿಲ್ಲ. ಆದರೆ ವರಮಾನವಿಲ್ಲದ ವೃದ್ಧ ಅಥವಾ ಅಶಕ್ತ ಸೈನಿಕನಿಗೆ ಕೊಡುವ ಬೇರೊಂದು ಪಿಂಚಣಿ ಇದೆ. ಅದಕ್ಕೆ ಸೇವೆಯ ಒಂದು ದಿನವಾದರೂ ಶಾಸನ ಹೆಸರಿಸಿದ ಯುದ್ಧಕಾಲದೊಳಗೆ ಬಿದ್ದಿರಬೇಕು. ವಿಯಟ್ನಾಂ ಯುದ್ಧಕಾಲ 1975ರ ಮೇ 7ಕ್ಕೆ ಮುಗಿಯುತ್ತದೆ. ಕೊಲ್ಲಿ ಯುದ್ಧಕಾಲ 1990ರ ಆಗಸ್ಟ್ 2ಕ್ಕೆ ಆರಂಭವಾಗುತ್ತದೆ. ನಡುವಣ ಹದಿನೈದು ವರ್ಷಗಳಲ್ಲಿಯೇ 1983ರಲ್ಲಿ ಬೈರೂತಿನ ಸೇನಾವಸತಿಯ ಮೇಲೆ ಬಾಂಬು ದಾಳಿಯಾಗಿ ಅಮೆರಿಕದ 241 ಮಂದಿ ಸತ್ತರು. ಅಲ್ಲಿ ಬದುಕಿ ಉಳಿದವನೊಬ್ಬನ ಸೇವೆಯೆಲ್ಲ ಈ ಅವಧಿಯೊಳಗೇ ಮುಗಿದಿದ್ದರೆ, ಈ ಪಿಂಚಣಿಯ ಮಟ್ಟಿಗೆ ಅವನು ಯುದ್ಧವನ್ನೇ ಕಂಡವನಲ್ಲ. ಕೊಲ್ಲಿ ಯುದ್ಧಕಾಲಕ್ಕೆ ಮುಕ್ತಾಯದ ದಿನವನ್ನು ಗೊತ್ತುಪಡಿಸಬೇಕಾದದ್ದು ಅಧ್ಯಕ್ಷನ ಘೋಷಣೆಯಿಂದ ಅಥವಾ ಶಾಸನದಿಂದ. ಅದಿನ್ನೂ ಗೊತ್ತಾಗಿಲ್ಲ. ಆದ್ದರಿಂದ ಆ ಯುದ್ಧ ನಡೆದಾಗ ಹುಟ್ಟಿಯೇ ಇರದಿದ್ದ ತರುಣನು ಇಂದು ಸೇನೆಗೆ ಸೇರಿದರೂ ಕಾಗದದ ಮೇಲೆ ಅವನು ಕೊಲ್ಲಿ ಯುದ್ಧಕಾಲದ ಸೈನಿಕನೇ.